ದಾಂಪತ್ಯದಲ್ಲಿ ಸೋಗು: ‘ಯಶೋಧರಚರಿತೆ’ಯಿಂದ ‘ನಾಗಮಂಡಲ’ದವರೆಗೆ

ನಮ್ಮ ವಿಜಯಪುರದ ಕಡೆಯ ಆಡುಮಾತಿನಲ್ಲಿ ‘ಸೋಗು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬಯಲಾಟದ ಪಾತ್ರಧಾರಿಯು ಮುಖಕ್ಕೆ ಬಣ್ಣ ಬಳಿದುಕೊಂಡು, ಕಿರೀಟ ಭುಜಕೀರ್ತಿಗಳನ್ನು ಕಟ್ಟಿಕೊಂಡು ರಂಗಕ್ಕೆ ಬಂದರೆ ಅದು ಸೋಗು. ಇಲ್ಲದ ಪ್ರೀತಿಯನ್ನು ಇದ್ದಂತೆ, ಗೊತ್ತಿದ್ದ ಸಂಗತಿಯನ್ನು ಗೊತ್ತಿಲ್ಲದಂತೆ ಮನೆಯೊಳಗೆ ತೋರಿಸಿಕೊಂಡರೆ ಅದೂ ಸೋಗು. ಒಂದೇ ಶಬ್ದವು ಕಲೆಯನ್ನೂ ಕಪಟವನ್ನೂ ಸೂಚಿಸುವದು ಕೇವಲ ಆಕಸ್ಮಿಕವಲ್ಲ. ಎರಡರಲ್ಲಿಯೂ ಮನುಷ್ಯನು ತಾನಲ್ಲದ ಇನ್ನೊಬ್ಬನಾಗಿ ಕಾಣಿಸಿಕೊಳ್ಳುತ್ತಾನೆ. ಭೇದವಿರುವದು ನೋಡುವವನಲ್ಲಿ. ಜಾತ್ರೆಯ ರಂಗದ ಮುಂದೆ ಕುಳಿತವನು ಇದು ವೇಷವೆಂಬದನ್ನು ಬಲ್ಲನು. ಮನೆಯಲ್ಲಿ ಎದುರಿಗೆ ಕುಳಿತವರಿಗೆ ಅದು ತಿಳಿದಿರುವದಿಲ್ಲ; ಅಥವಾ ತಿಳಿದೂ ತಿಳಿಯದಂತೆ ಇರಬೇಕಾಗುವದು. ಈ ಎರಡನೆಯ ಬಗೆಯ ಸೋಗು ಗಂಡಹೆಂಡಿರ ಸಂಬಂಧವನ್ನು ಹೇಗೆ ಒಳಗಿನಿಂದ ಸವೆಸುತ್ತ ಹೋಗುವದೆಂಬದನ್ನು ಕನ್ನಡದ ಕೆಲವು ಕೃತಿಗಳ ಆಧಾರದಿಂದ ವಿವೇಚಿಸುವದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನು ಕಾವ್ಯನಾಟಕಗಳ ಗೊಡವೆಗೆ ಏಕೆ ಹೋಗಬೇಕೆಂದು ಕೆಲವರು ಕೇಳಬಹುದು. ಉತ್ತರವು ಸರಳವಾಗಿದೆ. ನಮ್ಮ ಶಾಸನಗಳು ದಾನವನ್ನು ಹೇಳುತ್ತವೆ, ಯುದ್ಧವನ್ನು ಹೇಳುತ್ತವೆ, ತುರುಗಾಳಗದಲ್ಲಿ ಮಡಿದವನ ಹೆಸರನ್ನು ಹೇಳುತ್ತವೆ. ಮತ್ತರು ಕಮ್ಮಗಳ ಲೆಕ್ಕವನ್ನು ಅಣುಮಾತ್ರವೂ ಬಿಡದೆ ಹೇಳುತ್ತವೆ. ಆದರೆ ಒಬ್ಬ ಅರಸನೂ ಅವನ ಅರಸಿಯೂ ಬಾಗಿಲಿಕ್ಕಿದ ಮೇಲೆ ಒಬ್ಬರೊಡನೊಬ್ಬರು ಹೇಗಿದ್ದರೆಂಬದರ ಬಗ್ಗೆ ಶಿಲೆಯು ಮೌನವಾಗಿದೆ. ಶಾಸನಗಳಲ್ಲಿ ಬರುವ ಅರಸಿಯರು ಸಾಮಾನ್ಯವಾಗಿ ರೂಪದಲ್ಲಿ ಲಕ್ಷ್ಮಿಗೆ, ಪಾತಿವ್ರತ್ಯದಲ್ಲಿ ಸೀತೆ ಅರುಂಧತಿಯರಿಗೆ ಸಮಾನರು. ಇದನ್ನು ಓದಿ ಆ ಕಾಲದ ದಾಂಪತ್ಯಗಳೆಲ್ಲ ಸುಖಮಯವಾಗಿದ್ದವೆಂದು ತೀರ್ಮಾನಿಸುವವನು ಇತಿಹಾಸಕಾರನಲ್ಲ. ಪ್ರಶಸ್ತಿಯೂ ಒಂದು ಸೋಗೇ. ಅದರ ಹಿಂದಿನದನ್ನು ಊಹಿಸಲು ನಮಗಿರುವ ದಾರಿಗಳಲ್ಲಿ ಕಥೆಯು ಒಂದು. ಆದರೆ ಕಥೆಯನ್ನು ನಡೆದ ಸಂಗತಿಯ ದಾಖಲೆಯೆಂದು ತೆಗೆದುಕೊಳ್ಳಲಾಗದು. ಯಾವದನ್ನು ಕೇಳಿ ಆ ಕಾಲದ ಜನರು ‘ಇದು ಸಂಭವನೀಯ’ ಎಂದು ನಂಬಿದರೋ ಅದರ ದಾಖಲೆಯೆಂದಷ್ಟೇ ಅದನ್ನು ಗ್ರಹಿಸಬೇಕು.

ಈ ದೃಷ್ಟಿಯಿಂದ ಕನ್ನಡದಲ್ಲಿ ಮೊದಲು ನೋಡತಕ್ಕ ಕೃತಿ ಜನ್ನನ ‘ಯಶೋಧರಚರಿತೆ’. ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯದಲ್ಲಿದ್ದು ಕವಿಚಕ್ರವರ್ತಿಯೆನಿಸಿದ ಜನ್ನನು ಇದನ್ನು 1209ರಲ್ಲಿ ಬರೆದನು. ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ಸಾಗುವ ಚಿಕ್ಕ ಕಾವ್ಯವಿದು. ಕಥೆಯು ಜನ್ನನ ಸ್ವಂತದ್ದಲ್ಲ. ಜೈನರಲ್ಲಿ ಇದು ಬಹುಕಾಲದಿಂದ ಪ್ರಚಲಿತವಾಗಿದ್ದಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಯು ಇದೇ ವಸ್ತುವಿನ ಮೇಲೆ ಸಂಸ್ಕೃತದಲ್ಲಿ ‘ಯಶಸ್ತಿಲಕ’ವೆಂಬ ದೊಡ್ಡ ಚಂಪುವನ್ನು ರಚಿಸಿದನು; ಅದೇ ಶತಮಾನದಲ್ಲಿ ಮಾನ್ಯಖೇಟದಲ್ಲಿದ್ದ ಪುಷ್ಪದಂತನು ಅಪಭ್ರಂಶದಲ್ಲಿ ಹೇಳಿದನು; ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ವಾದಿರಾಜನು ಸಂಸ್ಕೃತದಲ್ಲಿ ಮತ್ತೊಮ್ಮೆ ಹೇಳಿದನು. ಸೋಮದೇವನು ಬರೆಯುತ್ತಿದ್ದ ಕಾಲಕ್ಕೆ ನಮ್ಮ ಈ ಪ್ರದೇಶವು ತರ್ದವಾಡಿ ಸಾಸಿರವೆಂಬ ಹೆಸರಿನಿಂದ ರಾಷ್ಟ್ರಕೂಟರ ಆಳಿಕೆಯಲ್ಲಿತ್ತು. ಸೋಮದೇವನ ಕೃತಿಯ ಮೇಲೆ ಹಂದಿಕಿಯವರು ಬರೆದ ಪಾಂಡಿತ್ಯಪೂರ್ಣ ಗ್ರಂಥವು 1949ರಲ್ಲಿ ಹೊರಬಂದದ್ದು ನೆರೆಯ ಸೊಲ್ಲಾಪುರದಿಂದ. ವಿಜಯಪುರದ ಪಾರ್ಶ್ವನಾಥ ಬಸದಿಯನ್ನೂ ತಿಕೋಟಾ ಭಾಗದ ಬಾಬಾನಗರದ ಬಸದಿಯನ್ನೂ ನೋಡಿದ ನಮ್ಮ ವಿದ್ಯಾರ್ಥಿಗಳಿಗೆ ಜೈನ ಪರಂಪರೆಯು ದೂರದ್ದಲ್ಲವಾದರೂ ಈ ಕಥೆಯು ಮಾತ್ರ ಪಠ್ಯಭಾಗದ ಕೆಲವು ಪದ್ಯಗಳ ಆಚೆಗೆ ಅಪರಿಚಿತವಾಗಿಯೇ ಉಳಿದಿದೆ.

ಕಥೆಯ ಮಧ್ಯಭಾಗವನ್ನು ಸಂಗ್ರಹವಾಗಿ ಹೇಳುವೆನು. ಉಜ್ಜಯಿನಿಯ ಅರಸು ಯಶೋಧರ; ಅವನ ರಾಣಿ ಅಮೃತಮತಿ; ತಾಯಿ ಚಂದ್ರಮತಿ. ಗಂಡಹೆಂಡಿರು ಅನ್ಯೋನ್ಯವಾಗಿದ್ದರು. ಒಂದು ನಸುಕಿನಲ್ಲಿ ಆನೆಯ ಲಾಯದ ಕಡೆಯಿಂದ ಬಂದ ಹಾಡನ್ನು ಕೇಳಿ ಅಮೃತಮತಿಯ ಮನಸ್ಸು ಆ ದನಿಗೆ ಸೋಲುವದು. ಹಾಡಿದವನು ಅಷ್ಟಾವಂಕನೆಂಬ ಮಾವುತ, ಹೆಸರಿಗೆ ತಕ್ಕಂತೆ ವಿಕಾರರೂಪಿ. ನೋಡಿ ಬಂದ ಗೆಳತಿಯು ಹೇಸಿಕೊಂಡು ವರ್ಣಿಸಿದರೂ ರಾಣಿಯು ಹಿಂದೆಗೆಯುವದಿಲ್ಲ. ರಾತ್ರಿ ಅರಸನು ಮಲಗಿದ ಮೇಲೆ ಅವಳು ಮಾವುತನ ಬಳಿಗೆ ಹೋಗತೊಡಗುವಳು. ಅವಳ ನಡೆಯಲ್ಲಿಯ ಬದಲಾವಣೆಯನ್ನು ಗುರುತಿಸಿದ ಯಶೋಧರನು ಒಂದು ರಾತ್ರಿ ನಿದ್ದೆ ಬಂದವನಂತೆ ನಟಿಸಿ, ಅವಳು ಎದ್ದು ಹೋದಾಗ ಹಿಂಬಾಲಿಸುವನು. ತಡವಾಗಿ ಬಂದಳೆಂದು ಮಾವುತನು ರಾಣಿಯನ್ನು ಹೊಡೆಯುವದನ್ನೂ ಅವಳು ಅವನ ಕಾಲಿಗೆ ಬೀಳುವದನ್ನೂ ಕಣ್ಣಾರೆ ನೋಡುವನು. ಖಡ್ಗಕ್ಕೆ ಕೈ ಹೋಗುವದು; ಆದರೆ ಕೊಲ್ಲುವದಿಲ್ಲ. ಮರಳಿ ಬಂದು ಮಲಗುವನು. ಅವಳೂ ಬಂದು ಸದ್ದಿಲ್ಲದೆ ಮಗ್ಗುಲಲ್ಲಿ ಮಲಗುವಳು.

ಮರುದಿನದ ದೃಶ್ಯವನ್ನು ಜನ್ನನು ಬಹಳ ಸೂಕ್ಷ್ಮವಾಗಿ ಚಿತ್ರಿಸಿರುವನು. ಅರಸನು ಸರಸದ ನೆಪದಲ್ಲಿ ಒಂದು ನೆಯ್ದಿಲೆಯ ಹೂವಿನಿಂದ ಅವಳನ್ನು ಮೆಲ್ಲಗೆ ಹೊಡೆಯುವನು. ಆ ಹೊಡೆತಕ್ಕೇ ನೊಂದವಳಂತೆ ಅವಳು ಮೂರ್ಛೆ ಹೋಗುವಳು. ಹಿಂದಿನ ರಾತ್ರಿ ಮಾವುತನ ಪೆಟ್ಟುಗಳನ್ನು ತಾಳಿಕೊಂಡ ದೇಹಕ್ಕೆ ಹೂವಿನ ಪೆಟ್ಟು ಸಹಿಸಲಾಗಲಿಲ್ಲವಂತೆ! ಅರಸನು ಗಾಬರಿಯಾದವನಂತೆ ಉಪಚರಿಸಿ, ವ್ಯಂಗ್ಯವನ್ನು ಒಳಗಿಟ್ಟು ಸಂತೈಸುವನು. ಇಬ್ಬರೂ ತಂತಮ್ಮ ಪಾತ್ರಗಳನ್ನು ಎಷ್ಟು ಚೆನ್ನಾಗಿ ಅಭಿನಯಿಸುವರೆಂದರೆ, ಆ ಕೋಣೆಗೆ ಅಕಸ್ಮಾತ್ ಬಂದವನು ಇದಕ್ಕಿಂತ ಸುಖಿಗಳಾದ ದಂಪತಿಗಳಿಲ್ಲವೆಂದೇ ತಿಳಿಯುತ್ತಿದ್ದನು. ನನ್ನ ಅಭಿಪ್ರಾಯದಲ್ಲಿ ಅವರ ದಾಂಪತ್ಯವು ಮುರಿದದ್ದು ಆನೆಯ ಲಾಯದಲ್ಲಲ್ಲ, ಇಲ್ಲಿ. ಲಾಯದಲ್ಲಿ ಒಬ್ಬಳ ಅಪರಾಧವಿತ್ತು. ಅಪರಾಧಕ್ಕೆ ಸಿಟ್ಟು, ದಂಡನೆ, ತ್ಯಾಗ, ಕ್ಷಮೆ ಮುಂತಾದ ಹಲವು ದಾರಿಗಳುಂಟು. ಇಬ್ಬರೂ ಕೂಡಿ ಆಡುವ ಸುಳ್ಳಿಗೆ ಈ ದಾರಿಗಳಲ್ಲಿ ಒಂದೂ ತೆರೆದಿರುವದಿಲ್ಲ. ಕ್ಷಮಿಸಬೇಕಾದರೂ ಮೊದಲು ‘ನಾನು ಬಲ್ಲೆ’ ಎಂದು ಹೇಳಬೇಕಷ್ಟೆ.

ಯಶೋಧರನು ಹೇಳುವದಿಲ್ಲ. ಅವನು ಖಡ್ಗವನ್ನು ತಡೆದದ್ದು ಅಹಿಂಸೆಯ ದೃಷ್ಟಿಯಿಂದ ಸ್ತುತ್ಯವೇ. ಆದರೆ ಕೈಯನ್ನು ತಡೆದವನು ಬಾಯನ್ನೂ ತಡೆದನು, ಮತ್ತು ತಡೆದ ಮಾತು ಬೇರೊಂದು ಕಡೆಯಿಂದ ಹೊರಬೀಳದೆ ಇರಲಿಲ್ಲ. ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಕಾರಣ ಕೇಳಲು, ಕೆಟ್ಟ ಕನಸು ಕಂಡೆನೆಂದು ಒಂದು ಕಥೆ ಕಟ್ಟಿ ಹೇಳುವನು. ನಿಜವನ್ನು ಕನಸಿನ ಬಟ್ಟೆಯಲ್ಲಿ ಸುತ್ತಿ ಒಪ್ಪಿಸಿದ ಹಾಗಾಯಿತು. ಆದರೆ ಚಂದ್ರಮತಿಗೆ ಒಳಗಿನ ವಸ್ತುವು ಕಾಣದು, ಬಟ್ಟೆಯಷ್ಟೇ ಕಾಣುವದು. ದುಃಸ್ವಪ್ನಕ್ಕೆ ಶಾಂತಿಯಾಗಬೇಕು, ದೇವಿಗೆ ಬಲಿಯಾಗಬೇಕೆಂದು ಅವಳು ಹಟ ಹಿಡಿಯುವಳು. ಅವಳ ದೃಷ್ಟಿಯಿಂದ ಇದು ತಪ್ಪೆನ್ನಲಾಗದು. ಮಗನು ಹೇಳಿದ ರೋಗಕ್ಕೆ ಅವಳು ತನಗೆ ತಿಳಿದ ಮದ್ದನ್ನು ಹೇಳಿದಳು. ಜೀವಬಲಿಯನ್ನು ಒಪ್ಪದ ಅರಸನಿಗೂ ಬಿಡದ ತಾಯಿಗೂ ನಡುವೆ ಒಂದು ರಾಜಿಯಾಗಿ, ಹಿಟ್ಟಿನ ಕೋಳಿಯನ್ನು ಮಾಡಿ ಬಲಿ ಕೊಡುವದೆಂದು ನಿಶ್ಚಯವಾಗುವದು. ಅರಸನು ಕತ್ತಿ ಬೀಸಿದಾಗ ಹಿಟ್ಟಿನ ಕೋಳಿ ಕೂಗಿಕೊಳ್ಳುವದು. ಅದರೊಳಗೆ ಒಂದು ಬೆಂತರ ಸೇರಿಕೊಂಡಿದ್ದಿತು. ಪಶ್ಚಾತ್ತಾಪದಿಂದ ಯಶೋಧರನು ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಡಲು ಸಿದ್ಧನಾಗುವನು. ಅಮೃತಮತಿಯು ಅನುಮಾನಗೊಂಡು, ಬೀಳ್ಕೊಡುವ ನೆಪದಿಂದ ಔತಣಕ್ಕೆ ಕರೆದು, ಅತ್ತೆಗೂ ಗಂಡನಿಗೂ ವಿಷದ ಲಡ್ಡುಗೆಗಳನ್ನು ಬಡಿಸುವಳು. ಮುಂದೆ ತಾಯಿಮಕ್ಕಳು ನವಿಲು ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ ಅಭಯಮತಿಯರೆಂಬ ಅಣ್ಣತಂಗಿಯರಾಗಿ ಹುಟ್ಟುವ ಸಂಗತಿಯು ಪ್ರಸ್ತುತಕ್ಕೆ ಅಷ್ಟು ಅವಶ್ಯವಲ್ಲ.

ಇಲ್ಲಿ ಘಟನೆಗಳ ಸರಪಣಿಯನ್ನು ಗಮನಿಸಬೇಕು. ಸುಳ್ಳು ನಿದ್ದೆಯಿಂದ ಸುಳ್ಳು ಸರಸ, ಅದರಿಂದ ಸುಳ್ಳು ಕನಸು, ಕನಸಿನಿಂದ ಸುಳ್ಳು ಬಲಿ. ಕೊನೆಯದು ಮಾತ್ರ ನಿಜವಾದ ಮರಣ. ಪ್ರತಿಯೊಂದು ಸೋಗೂ ಅದಕ್ಕೆ ಮುಂಚಿನ ಸೋಗನ್ನು ಕಾಪಾಡುವ ಸಲುವಾಗಿ ಹುಟ್ಟಿದೆ. ಯಾವದರ ಉದ್ದೇಶವೂ ಮೇಲುನೋಟಕ್ಕೆ ಕೆಟ್ಟದ್ದಲ್ಲ. ಕೊಲೆಯನ್ನು ತಪ್ಪಿಸಲು, ಮನೆತನದ ಮಾನವನ್ನು ಉಳಿಸಲು, ತಾಯಿಯ ಮನಸ್ಸನ್ನು ನೋಯಿಸದಿರಲು ಅರಸನು ಹೀಗೆ ಮಾಡಿದನು. ಸಂಭಾವಿತ ಮನೆಗಳಲ್ಲಿ ಸೋಗು ಬೇರೂರುವದು ಬಹುಶಃ ಇಂಥ ಕಾರಣಗಳಿಂದಲೇ. ದುಷ್ಟರಿಗೆ ಅಷ್ಟೊಂದು ನಟಿಸುವ ಅವಶ್ಯಕತೆ ಬೀಳುವದಿಲ್ಲ.

ಹಿಟ್ಟಿನ ಪಶುವೆಂಬದು ಕವಿಯ ಕಲ್ಪನೆಯೇನೂ ಅಲ್ಲ. ಜೀವಪಶುವಿನ ಬದಲು ಪಿಷ್ಟಪಶುವನ್ನು ಬಳಸುವ ಪದ್ಧತಿಯು ವೈದಿಕರಲ್ಲಿಯೂ ಉಂಟು. ಮಧ್ವಸಂಪ್ರದಾಯವು ಅದನ್ನು ವಿಶೇಷವಾಗಿ ಎತ್ತಿ ಹಿಡಿಯಿತು. ಹಬ್ಬಗಳಲ್ಲಿ ಕುಂಬಳಕಾಯಿಯನ್ನು ಒಡೆದು ಕುಂಕುಮ ಸುರಿಯುವದನ್ನು ನಾವೆಲ್ಲರೂ ನೋಡಿದವರೇ. ಜೈನರು ಇದನ್ನು ಒಪ್ಪಲಿಲ್ಲ. ಕೊಲ್ಲುವ ಸಂಕಲ್ಪವಿದ್ದ ಮೇಲೆ ಕತ್ತಿಯ ಕೆಳಗೆ ಮಾಂಸವಿದ್ದರೇನು, ಹಿಟ್ಟಿದ್ದರೇನು ಎಂಬದು ಅವರ ವಾದ. ಈ ಸಂಕಲ್ಪಹಿಂಸೆಯ ತತ್ವವನ್ನು ಸಾರುವದೇ ಕಾವ್ಯದ ಪ್ರಕಟವಾದ ಉದ್ದೇಶ. ಆದರೆ ಈ ತತ್ವವನ್ನು ಬಲಿಪೀಠದಿಂದ ಅಂತಃಪುರಕ್ಕೆ ತಂದು ನೋಡಿದರೆ ಅದು ಬೇರೊಂದು ಬೆಳಕನ್ನು ಬೀರುವದು. ಹಿಂಸೆಯ ಸಂಕಲ್ಪವು ಆಟದ ರೂಪದಲ್ಲಿದ್ದರೂ ಹಿಂಸೆಯಾಗುವದಾದರೆ, ಸಂಕಲ್ಪವಿಲ್ಲದ ಪ್ರೀತಿಯು ಎಷ್ಟೇ ಶಾಸ್ತ್ರೋಕ್ತವಾಗಿ ನಡೆದರೂ ಪ್ರೀತಿಯಾಗಲಾರದು. ಲೆಕ್ಕಕ್ಕೆ ಬರುವದು ಆಕಾರವಲ್ಲ, ಒಳಗಿನ ಇಚ್ಛೆ. ಹಾಗೆ ನೋಡಿದರೆ ನೆಯ್ದಿಲೆಯ ಹೂವಿನಿಂದ ಹೊಡೆದ ಪೆಟ್ಟು ಖಡ್ಗದ ಪೆಟ್ಟೇ. ತಡೆದುಕೊಂಡ ಕೊಲೆಯನ್ನು ಅರಸನು ಹೂವಿನಿಂದ ಮಾಡಿದನು. ಹಿಟ್ಟಿನ ಕೋಳಿಯನ್ನು ಕಡಿದದ್ದು ಎರಡನೆಯ ಸಲ. ಜನ್ನನು ಇದನ್ನು ಬಾಯಿಬಿಟ್ಟು ಹೇಳಿಲ್ಲವಾದರೂ ಎರಡು ದೃಶ್ಯಗಳನ್ನೂ ಇಷ್ಟು ಹತ್ತಿರ ಇಟ್ಟಿರುವದನ್ನು ನೋಡಿದರೆ ಅವನ ಮನಸ್ಸಿನಲ್ಲಿ ಇದು ಇರಲಿಲ್ಲವೆನ್ನುವದು ಕಷ್ಟ.

ಅಮೃತಮತಿಯ ಬಗ್ಗೆ ಒಂದು ಮಾತು. ಉತ್ತರಪತ್ರಿಕೆಗಳಲ್ಲಿ ಅವಳನ್ನು ‘ದುಷ್ಟ ಸ್ತ್ರೀ’ ಎಂದು ಒಂದೇ ಏಟಿಗೆ ಮುಗಿಸುವದು ವಾಡಿಕೆಯಾಗಿದೆ. ಅವಳು ಎರಡು ಕೊಲೆಗಳನ್ನು ಮಾಡಿದಳೆಂಬದನ್ನು ಯಾರೂ ಅಲ್ಲಗಳೆಯಲಾರರು. ಕಾವ್ಯವೂ ಅವಳನ್ನು ನರಕಕ್ಕೇ ಕಳಿಸುವದು. ಆದರೆ ಇತಿಹಾಸದ ವಿದ್ಯಾರ್ಥಿಯು ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: ಅಂತಃಪುರದಲ್ಲಿದ್ದ ಹೆಂಗಸಿಗೆ ಸೋಗಿಲ್ಲದೆ ಬಾಳುವ ಅವಕಾಶವೆಷ್ಟಿತ್ತು? ಅರಸನಿಗೆ ಬೇಸರವಾದರೆ ತಪಸ್ಸಿಗೆ ಹೋಗಬಹುದು. ರಾಣಿಗೆ ಮನಸ್ಸು ತಿರುಗಿದರೆ ಅದನ್ನು ಹೇಳಿಕೊಳ್ಳುವ ಜಾಗವೇ ಇಲ್ಲ. ಇಂಥ ಜಾಗವು ಸಾಮಾನ್ಯ ಹೆಂಗಸರಿಗೆ ಬೀಸುವ ಕಲ್ಲಿನ ಮುಂದೆ ಇದ್ದಿತು. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಓದಿದವರಿಗೆ ಇದರ ಅನುಭವ ಬರುವದು. ಹಗಲೆಲ್ಲ ಗರತಿಯ ಪಾತ್ರವನ್ನು ವಹಿಸಿದವಳು ನಸುಕಿನಲ್ಲಿ ಕಲ್ಲಿನ ಸದ್ದಿನ ಮರೆಯಲ್ಲಿ ಅತ್ತೆಯ ಮೇಲಿನ, ನಾದಿನಿಯ ಮೇಲಿನ, ಒಮ್ಮೊಮ್ಮೆ ಗಂಡನ ಮೇಲಿನ ತನ್ನ ಮಾತನ್ನು ಹಾಡಾಗಿ ಆಡಿಕೊಳ್ಳುವಳು. ಉಜ್ಜಯಿನಿಯ ಅರಮನೆಯಲ್ಲಿ ರಾಣಿಗೆ ಬೀಸುವ ಕೆಲಸವಿರಲಿಲ್ಲ. ನಸುಕಿನಲ್ಲಿ ಅವಳಿಗೆ ಕೇಳಿಸಿದ್ದು ಇನ್ನೊಬ್ಬರ ಹಾಡು.

ಈ ಮರು ಓದನ್ನು ನಾಟಕರೂಪದಲ್ಲಿ ಮಾಡಿದವರು ಗಿರೀಶ ಕಾರ್ನಾಡರು. ಅವರ ‘ಹಿಟ್ಟಿನ ಹುಂಜ’ವು 1980ರಲ್ಲಿ ಬಂದಿತು. ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರನ್ನು ಮಾತ್ರ ಇಟ್ಟುಕೊಂಡು, ರಾಣಿಯನ್ನು ಹುಟ್ಟಿನಿಂದ ಜೈನಳನ್ನಾಗಿಯೂ ರಾಜನನ್ನು ಅವಳ ಪ್ರೀತಿಗಾಗಿ ಆ ಮತವನ್ನು ಹಿಡಿದವನನ್ನಾಗಿಯೂ ಅವರು ಚಿತ್ರಿಸಿದರು. ಇದರಿಂದ ಒಂದು ಮಹತ್ವದ ಬದಲಾವಣೆಯಾಯಿತು. ಜನ್ನನಲ್ಲಿ ಹಿಟ್ಟಿನ ಕೋಳಿಯ ಪ್ರಶ್ನೆ ತಾಯಿಮಕ್ಕಳ ನಡುವಿನದು. ರಾಣಿಗೆ ಅದರ ಗೊಡವೆಯಿಲ್ಲ. ನಾಟಕದಲ್ಲಿ ಸೋಗಿನ ಬಲಿಯನ್ನು ಪ್ರತಿಭಟಿಸುವವಳು ರಾಣಿಯೇ. ಗಂಡನನ್ನು ವಂಚಿಸಿದ ಹೆಂಗಸು ಸುಳ್ಳು ಆಚರಣೆಯನ್ನು ಮಾತ್ರ ಸಹಿಸಲಾರಳೆಂಬ ಈ ವಿರೋಧಾಭಾಸವು ನಾಟಕದ ಸತ್ವವಾಗಿದೆ.

ಹಾಗಾದರೆ ಗಂಡಹೆಂಡಿರ ನಡುವಿನ ಎಲ್ಲ ನಟನೆಯೂ ವಿನಾಶಕಾರಿಯೆ? ಇಲ್ಲ. ನಮ್ಮ ಭಾಗದ ಜನರು ಬಹುಕಾಲದಿಂದ ರಾತ್ರಿಯಿಡೀ ಕುಳಿತು ನೋಡಿದ ‘ಶ್ರೀಕೃಷ್ಣ ಪಾರಿಜಾತ’ವೇ ಇದಕ್ಕೆ ಉತ್ತರ. ಅಪರಾಳ ತಮ್ಮಣ್ಣನು ರಚಿಸಿ, ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ಈ ಆಟದಲ್ಲಿ ನಾರದನು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟು ಸತ್ಯಭಾಮೆಯ ಸಿಟ್ಟಿಗೆ ಗುರಿಯಾಗುವನು. ‘ಕಪಟನಾಟಕ ಸೂತ್ರಧಾರಿ’ ಎಂಬದು ಅಲ್ಲಿ ಬೈಗುಳವಲ್ಲ, ಸ್ತುತಿ. ಆದರೂ ಆ ಸಂಸಾರ ಒಡೆಯುವದಿಲ್ಲ. ನೋಡುವವರು ನಕ್ಕು ಮನೆಗೆ ಹೋಗುವರು. ಏಕೆಂದರೆ ಸತ್ಯಭಾಮೆಯು ಏನನ್ನೂ ಮುಚ್ಚಿಡುವವಳಲ್ಲ. ಅವಳ ಮತ್ಸರ, ಹಟ, ದುಃಖಗಳೆಲ್ಲ ಊರಿಗೆ ಕೇಳುವಂತೆ ಹೊರಬರುವವು. ಯಶೋಧರನ ಅರಮನೆಯಲ್ಲಿ ಇಲ್ಲದ್ದು ಇಂಥ ಒಂದು ಜಗಳ.

ಪ್ರಸಂಗವಶಾತ್ ಇನ್ನೊಂದನ್ನು ಹೇಳಬಹುದು. ತಿಕೋಟಾ ಬಬಲೇಶ್ವರಗಳ ಸುತ್ತಲಿನ ಊರುಗಳಲ್ಲಿ ಜಾತ್ರೆಯ ಕಾಲಕ್ಕೆ ಊರವರೇ ಸಾಮಾಜಿಕ ನಾಟಕಗಳನ್ನು ಆಡುವರು. ಗಂಡುಪಾತ್ರಗಳು ಊರವರವು, ಹೆಣ್ಣುಪಾತ್ರಗಳಿಗೆ ವೃತ್ತಿಯ ನಟಿಯರನ್ನು ಪರಸ್ಥಳದಿಂದ ಕರೆಸುವರು. ತಾಲೀಮಿಗೆ ಸ್ವಲ್ಪವೇ ಮುಂಚೆ ಬಂದ ಕಲಾವಿದೆಯು ಆ ರಾತ್ರಿ ಊರ ರೈತನೊಬ್ಬನ ಹೆಂಡತಿಯಾಗಿ ಅತ್ತು ಎಲ್ಲರನ್ನೂ ಅಳಿಸುವಳು; ಮುಂಜಾನೆ ಬಸ್ಸು ಹತ್ತುವಳು. ಪಾತ್ರಧಾರಿಯ ನಿಜವಾದ ಹೆಂಡತಿಯು ಮುಂದಿನ ಸಾಲಿನಲ್ಲಿ ಕುಳಿತು ಇದನ್ನು ನೋಡುತ್ತಿರುವಳು. ಯಾರಿಗೂ ಕೇಡಿಲ್ಲ. ಸೋಗು ಎಲ್ಲಿ ಆರಂಭವಾಗುವದು, ಎಲ್ಲಿ ಮುಗಿಯುವದು ಎಂಬದು ಎಲ್ಲರಿಗೂ ಗೊತ್ತಿದೆ.

ಇದುವರೆಗೆ ಹೇಳಿದ್ದು ದಂಪತಿಗಳೇ ಹಾಕಿಕೊಂಡ ಸೋಗು. ಬೇರೊಬ್ಬನು ಗಂಡನ ಸೋಗನ್ನು ಹಾಕಿಕೊಂಡು ಬರುವ ಕಥೆಗಳು ಇನ್ನೊಂದು ವರ್ಗ. ಇದರ ಮೂಲಮಾದರಿಯು ಅಹಲ್ಯೆಯ ಕಥೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ತೊರವಿಯು, ಅಲ್ಲಿಯ ನರಸಿಂಹನ ಅಂಕಿತದಲ್ಲಿ ಕುಮಾರವಾಲ್ಮೀಕಿಯು ಭಾಮಿನೀ ಷಟ್ಪದಿಯಲ್ಲಿ ರಾಮಾಯಣವನ್ನು ಹಾಡಿದ ಸ್ಥಳ. ಇಮ್ಮಡಿ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದ್ದೂ ಅದರ ಹತ್ತಿರವೇ. ಅಹಲ್ಯೆಯನ್ನು ನಿರಪರಾಧಿಯೆಂದು ತೋರಿಸಲು ಅವಳು ಇಂದ್ರನನ್ನು ಗೌತಮನೆಂದೇ ನಂಬಿದಳೆಂದು ಹೇಳುವವರುಂಟು. ಆದರೆ ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅವಳು ಮುನಿಯ ವೇಷದಲ್ಲಿದ್ದ ಇಂದ್ರನನ್ನು ಗುರುತಿಸಿಯೇ ಇದ್ದಳೆಂದು ಸ್ಪಷ್ಟವಾಗಿ ಹೇಳಿದೆ. ಗುರುತಿಸಿದವಳೆ, ಗುರುತಿಸದವಳೆ ಎಂಬ ಈ ಪ್ರಶ್ನೆಯು ಈ ವರ್ಗದ ಎಲ್ಲ ಕಥೆಗಳ ಬೆನ್ನು ಹತ್ತಿದೆ.

ಕಥೆಗಳ ಬೆನ್ನನ್ನಷ್ಟೇ ಅಲ್ಲ. ವಿಜಯಪುರದಲ್ಲಿ ಒಂದನೆಯ ಅಲಿ ಆದಿಲಶಾಹನು ಪಟ್ಟಕ್ಕೆ ಬಂದು ಎರಡು ವರ್ಷವಾಗಿದ್ದಾಗ, 1560ರಲ್ಲಿ, ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಲಯದ ಮುಂದೆ ಒಂದು ವಿಚಿತ್ರ ಮೊಕದ್ದಮೆ ಬಂದಿತು. ಅರ್ತಿಗಾ ಎಂಬ ಹಳ್ಳಿಯ ಮಾರ್ತಾಂ ಗೇರ್ ಎಂಬ ರೈತನು 1548ರಲ್ಲಿ ಹೆಂಡತಿ ಬೆರ್ತ್ರಾಂದಳನ್ನೂ ಮಗನನ್ನೂ ಬಿಟ್ಟು ಹೋದವನು ತಿರುಗಿ ಬರಲಿಲ್ಲ. 1556ರಲ್ಲಿ ಆರ್ನೋ ದು ತಿಲ್ ಎಂಬವನು ತಾನೇ ಮಾರ್ತಾಂ ಎಂದು ಹೇಳಿಕೊಂಡು ಬಂದನು. ಬಂಧುಗಳು ಒಪ್ಪಿದರು, ಹೆಂಡತಿಯು ಒಪ್ಪಿದಳು, ಮೂರು ವರ್ಷಗಳಿಗೂ ಮಿಗಿಲಾಗಿ ಸಂಸಾರ ನಡೆದು ಮಕ್ಕಳಾದವು. ಆಸ್ತಿಯ ಲೆಕ್ಕದ ಬಗ್ಗೆ ಮಾರ್ತಾಂನ ಕಾಕನೊಡನೆ ಜಗಳವಾದ ಮೇಲೆ ಮಾತ್ರ ವಿಷಯವು ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಆರ್ನೋನ ಕಡೆಗೆ ವಾಲುತ್ತಿದ್ದಾಗ ಮರದ ಕಾಲಿನ ಮೇಲೆ ನಿಜವಾದ ಮಾರ್ತಾಂ ಬಂದು ನಿಂತನು. ಆರ್ನೋನನ್ನು ಗೇರ್ ಮನೆಯ ಮುಂದೆಯೇ ಗಲ್ಲಿಗೇರಿಸಿದರು. ನ್ಯಾಯಾಧೀಶರಲ್ಲಿ ಒಬ್ಬನಾದ ಕೊರಾಸನು ಮರುವರ್ಷವೇ ಇದನ್ನು ಗ್ರಂಥವಾಗಿ ಪ್ರಕಟಿಸಿದನು. ನತಾಲಿ ಜೆಮನ್ ಡೇವಿಸ್ ಎಂಬ ಇತಿಹಾಸಕಾರ್ತಿಯು 1983ರಲ್ಲಿ ಬರೆದ ಪುಸ್ತಕದಲ್ಲಿ ಬೆರ್ತ್ರಾಂದಳಿಗೆ ಆರಂಭದಿಂದಲೇ ಸತ್ಯವು ತಿಳಿದಿದ್ದಿತೆಂದೂ, ಬಂದವನೊಡನೆ ಕೂಡಿ ಅವಳು ತನಗೆ ಬೇಕಾದ ದಾಂಪತ್ಯವನ್ನು ಕಟ್ಟಿಕೊಂಡಳೆಂದೂ ವಾದಿಸಿದರು. ರಾಬರ್ಟ್ ಫಿನ್ಲೆಯವರು 1988ರಲ್ಲಿ ಇದನ್ನು ಖಂಡಿಸಿ, ದಾಖಲೆಗಳು ಅಷ್ಟನ್ನು ಹೇಳುವದಿಲ್ಲವೆಂದರು. ಈ ವಾದದಲ್ಲಿ ದಾಖಲೆಯ ನಿಷ್ಠೆಯು ಫಿನ್ಲೆಯವರ ಕಡೆಗಿದೆ. ಮನುಷ್ಯಸ್ವಭಾವದ ಅರಿವು ಡೇವಿಸರ ಕಡೆಗಿದೆಯೆಂದು ನನಗೆ ತೋರುವದು. ಇಷ್ಟಂತೂ ನಿಜ: ಗಂಡನ ವೇಷವನ್ನು ಹಾಕಿಕೊಂಡವನು ಗಂಡನಂತೆ ನಡೆದುಕೊಂಡನು, ನಿಜವಾದ ಗಂಡನು ಹಾಗೆ ನಡೆದುಕೊಂಡಿರಲಿಲ್ಲ.

ಎಸ್. ಎಲ್. ಭೈರಪ್ಪನವರ ‘ನಾಯಿ ನೆರಳು’ (1968) ಇದೇ ಪ್ರಶ್ನೆಯನ್ನು ಪುನರ್ಜನ್ಮದ ನಂಬಿಕೆಯ ಮೂಲಕ ಎತ್ತಿಕೊಳ್ಳುವದು. ಸತ್ತ ಮಗನೇ ಮರಳಿ ಹುಟ್ಟಿ ಬಂದಿರುವನೆಂದು ತಾಯಿಯು ಒಬ್ಬ ತರುಣನನ್ನು ಮನೆ ತುಂಬಿಸಿಕೊಂಡಾಗ, ವಿಧವೆ ಸೊಸೆಯು ಮತ್ತೆ ಹೆಂಡತಿಯ ಪಾತ್ರವನ್ನು ವಹಿಸಬೇಕಾದ ಪ್ರಸಂಗವು ಒದಗುವದು. ಇದನ್ನು 2006ರಲ್ಲಿ ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು.

ಆದರೆ ಈ ವರ್ಗದಲ್ಲಿ ಹೆಚ್ಚು ವಿವೇಚನೆಗೆ ತಕ್ಕುದು ಕಾರ್ನಾಡರ ‘ನಾಗಮಂಡಲ’. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕರ್ನಾಟಕದ ಎರಡು ಜನಪದ ಕಥೆಗಳನ್ನು ಕೂಡಿಸಿ 1980ರ ದಶಕದ ಕೊನೆಯ ಭಾಗದಲ್ಲಿ ಅವರು ಬರೆದ ಈ ನಾಟಕವು 1997ರಲ್ಲಿ ಟಿ. ಎಸ್. ನಾಗಾಭರಣರ ಚಿತ್ರದಿಂದ ಮನೆಮಾತಾಯಿತು. ಅಪ್ಪಣ್ಣನು ಹೊಸ ಹೆಂಡತಿ ರಾಣಿಯನ್ನು ಮನೆಯಲ್ಲಿಟ್ಟು ಹೊರಗಿನಿಂದ ಕೀಲಿ ಹಾಕಿ, ಸೂಳೆಯ ಮನೆಗೆ ಹೋಗುವನು. ಮಧ್ಯಾಹ್ನ ಊಟಕ್ಕೆ ಮಾತ್ರ ಬರುವನು. ಕುರುಡವ್ವನು ಕೊಟ್ಟ ವಶೀಕರಣದ ಬೇರನ್ನು ಹಾಕಿದ ಅಡುಗೆಯು ರಕ್ತದಂತೆ ಕೆಂಪಾಗಲು, ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುವಳು. ಅದನ್ನು ಕುಡಿದ ನಾಗನು ಅವಳಲ್ಲಿ ಅನುರಕ್ತನಾಗಿ ಪ್ರತಿರಾತ್ರಿ ಅಪ್ಪಣ್ಣನ ರೂಪದಲ್ಲಿ ಬರತೊಡಗುವನು.

ಇಲ್ಲಿ ವೇಷ ಹಾಕಿದವನಲ್ಲಿ ಪ್ರೀತಿಯಿದೆ, ವೇಷವಿಲ್ಲದವನಲ್ಲಿ ಇಲ್ಲ. ಅಪ್ಪಣ್ಣನು ಕ್ರೂರಿ, ಆದರೆ ಸೋಗುಗಾರನಲ್ಲ. ತನಗೆ ಹೆಂಡತಿ ಬೇಡವೆಂಬದನ್ನು ಅವನು ಒಂದು ಕ್ಷಣವೂ ಮುಚ್ಚಿಡುವದಿಲ್ಲ. ಮೇಲುನೋಟಕ್ಕೆ ನಮ್ಮ ವಾದವೇ ತಲೆಕೆಳಗಾದಂತೆ ಕಾಣುವದು. ಆದರೆ ನಾಗನು ಹಾಕುವ ನಿಬಂಧನೆಯನ್ನು ಗಮನಿಸಬೇಕು: ಪ್ರಶ್ನೆ ಕೇಳಬಾರದು. ರಾತ್ರಿಯ ಗಂಡನ ಮೈಮೇಲೆ ಕಂಡ ಗಾಯವು ಹಗಲಿನ ಗಂಡನ ಮೈಮೇಲೆ ಇರುವದಿಲ್ಲ. ರಾತ್ರಿ ಮುದ್ದಿಸಿದವನು ಮಧ್ಯಾಹ್ನ ಗದರುವನು. ರಾಣಿಯ ಕಣ್ಣು ಇದನ್ನೆಲ್ಲ ನೋಡುವದು, ಬಾಯಿ ಕೇಳಬಾರದು. ಹೀಗೆ ಒಬ್ಬರ ಸೋಗು ಇನ್ನೊಬ್ಬರ ಮೌನವನ್ನು ಬೇಡುವದು. ಸುಖಕ್ಕಾಗಿ ಅವಳು ತನ್ನ ಕಣ್ಣನ್ನೇ ನಂಬದಿರಲು ಕಲಿಯಬೇಕಾಗುವದು. ಯಶೋಧರನ ಮನೆಯಲ್ಲಿ ಇಬ್ಬರಿಗೂ ತಿಳಿದಿದ್ದನ್ನು ಇಬ್ಬರೂ ಮುಚ್ಚಿಟ್ಟರೆ, ಇಲ್ಲಿ ಅರ್ಧ ತಿಳಿದವಳು ಉಳಿದರ್ಧವನ್ನು ತಾನೇ ತಿಳಿಯದೆ ಉಳಿಯುವಳು.

ರಾಣಿಯು ಗರ್ಭಿಣಿಯಾದಾಗ ಅಪ್ಪಣ್ಣನು ಅವಳನ್ನು ಪಂಚರ ಮುಂದೆ ನಿಲ್ಲಿಸುವನು. ಅವನ ಆರೋಪವು ಅಕ್ಷರಶಃ ನಿಜ; ಅವನು ಅವಳನ್ನು ಮುಟ್ಟಿಯೇ ಇಲ್ಲ. ಅವಳು ಹುತ್ತದ ನಾಗರವನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ನಾಗರವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ದಿವ್ಯ ಮಾಡುವಳು. ಅದೂ ಅಕ್ಷರಶಃ ನಿಜ. ಎರಡು ನಿಜಗಳು ಎದುರುಬದುರಾದಾಗ ಊರು ಹೆಡೆಯೆತ್ತಿದ ನಾಗನನ್ನು ನೋಡಿ ರಾಣಿಯನ್ನು ದೇವಿಯೆಂದು ಸಾರುವದು. ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಹೇಳಿದ ಅಗ್ನಿ, ಜಲ, ವಿಷ ಮೊದಲಾದ ದಿವ್ಯಗಳ ಮರ್ಮವೂ ಇದೇ. ಅವು ಸತ್ಯವನ್ನು ಕಂಡುಹಿಡಿಯುವದಕ್ಕಿಂತ ಹೆಚ್ಚಾಗಿ, ಊರು ಯಾವದನ್ನು ಸತ್ಯವೆಂದು ಒಪ್ಪಿ ಮುಂದೆ ಸಾಗಬೇಕೆಂಬದನ್ನು ಗೊತ್ತುಪಡಿಸುತ್ತಿದ್ದವು.

ಆ ಕ್ಷಣದಿಂದ ಸೋಗು ಕೈ ಬದಲಿಸುವದು. ಇದುವರೆಗೆ ಯಾವ ಪಾತ್ರವನ್ನೂ ವಹಿಸದಿದ್ದ ಅಪ್ಪಣ್ಣನು ಇನ್ನು ಮುಂದೆ ದೇವಿಯ ಗಂಡನಾಗಿ, ತನ್ನದಲ್ಲದ ಮಗುವಿನ ತಂದೆಯಾಗಿ ಬಾಳಬೇಕು. ತಾನು ಸುಳ್ಳು ಹೇಳಿಲ್ಲವೆಂಬದನ್ನು ಅವನೊಬ್ಬನೇ ಬಲ್ಲ, ನಂಬುವವರಿಲ್ಲ. ರಾಣಿಗೆ ಈಗ ಗಂಡ, ಮಗ, ಮನೆ ಎಲ್ಲವೂ ಇದೆ. ಮತ್ತು ಗಂಡನು ನಿಜವಾಗಿ ಮುಟ್ಟಿದ ಮೊದಲ ರಾತ್ರಿ, ಇವನು ಆ ಹಿಂದಿನ ರಾತ್ರಿಗಳವನಲ್ಲವೆಂಬ ಅರಿವೂ ಬರುವದು. ಅವಳೂ ಅದನ್ನು ಹೇಳುವದಿಲ್ಲ. ಹೀಗೆ ಊರಿನ ಕಣ್ಣಿಗೆ ಆದರ್ಶವಾದ ಈ ದಾಂಪತ್ಯವು ಯಶೋಧರನ ಶಯ್ಯಾಗಾರದಲ್ಲಿ ನಾವು ಕಂಡ ಸ್ಥಿತಿಗೇ ಬಂದು ನಿಲ್ಲುವದು: ಇಬ್ಬರಿಗೂ ತಿಳಿದಿದೆ, ಇಬ್ಬರೂ ಹೇಳರು. ಇಲ್ಲಿ ವಿಷದ ಲಡ್ಡುಗೆಯಿಲ್ಲವೆಂಬದಷ್ಟೇ ಭೇದ.

ನಾಟಕಕಾರನು ಒಂದೇ ಮುಕ್ತಾಯದಿಂದ ತೃಪ್ತನಾಗಿಲ್ಲ. ಒಂದರಲ್ಲಿ ನಾಗನು ರಾಣಿಯ ಜಡೆಯಲ್ಲಿಯೇ ಕೊರಳು ಬಿಗಿದುಕೊಂಡು ಸಾಯುವನು. ಸತ್ತ ಹಾವಿಗೆ ತನ್ನ ಮಗನೇ ಬೆಂಕಿಯಿಡಬೇಕು, ವರ್ಷಕ್ಕೊಮ್ಮೆ ಪೂಜೆ ಮಾಡಬೇಕೆಂದು ರಾಣಿ ಬೇಡುವಳು. ತಂದೆಗೆ ಮಾಡತಕ್ಕ ವಿಧಿಯಲ್ಲವೆ ಇದು ಎಂಬ ಅನುಮಾನವು ಅಪ್ಪಣ್ಣನಿಗೆ ಬಂದರೂ ಅವನು ಒಪ್ಪಿಕೊಳ್ಳುವನು. ಇನ್ನೊಂದರಲ್ಲಿ ನಾಗನು ಬದುಕಿರುವನು. ರಾಣಿಯು ಅವನಿಗೆ ತನ್ನ ಕೂದಲಲ್ಲಿಯೇ ಇರಲು ಎಡೆ ಕೊಡುವಳು, ಮತ್ತು ಅಪ್ಪಣ್ಣನು ಅದೇ ಕೋಣೆಯಲ್ಲಿ ಮಲಗಿರುವನು.